ಸಮುದ್ರಕ್ಕೆ ಬಿಟ್ಟ ಬಳೆ

ನನಗೆ ಭ್ರಮೆ ಎಂದು ಕುಂದಲಹಳ್ಳಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ! ಎಂಬತ್ನಾಲ್ಕನೇ ಇಸವಿಯಲ್ಲಿ ಕಾರ್ಖಾನೆಗೆ ರಜೆ ಹಾಕಿ ನಾನೂ ನನ್ನ ಹೆಂಡತಿ ಭಾಗ್ಯಮ್ಮನೂ ಲಕ್ಷದ್ವೀಪಕ್ಕೆ ಹೋಗಿದ್ದೆವು. ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಆರಾಮವಾಗಿ ತೇಲುವುದು, ಎಳನೀರು ಕುಡಿದು ಮರಳಲ್ಲಿ ಮಲಗುವುದು, ಅಷ್ಟೇ ಕೆಲಸ.

ಮೊದಲ ದಿನವೇ ಭಾಗ್ಯಮ್ಮ, ಊರ ಕೆರೆ ತುಂಬಿದಾಗ ಮಾಡುವಂತೆ, ಸಮುದ್ರಕ್ಕೆ ಅರಿಶಿನ ಕುಂಕುಮ ಹಾಕಿ ಹಸಿರು ಬಳೆ ಬಿಟ್ಟಳು. "ತಾಯಿ ಗಂಗಮ್ಮ, ನಮ್ ಮನೆಗೂ ಬಾರಮ್ಮ" ಎಂದು ಕೈಮುಗಿದಳು.

ಮುಂದಿನ ದ್ವೀಪ ತಲುಪಿದಾಗ ಆ ಬಳೆಗಳು ದೋಣಿಯಲ್ಲಿ ಅವಳ ಪಕ್ಕದ ಹಲಗೆಯ ಮೇಲಿದ್ದವು. ಒದ್ದೆಯಾಗಿರಲಿಲ್ಲ. ಆಗಷ್ಟೇ ಯಾರೋ ಕೈಯಿಂದ ಕಳಚಿಟ್ಟಂತೆ ಬೆಚ್ಚಗಿದ್ದವು. ಮತ್ತೆ ನೀರಿಗೆ ಬಿಟ್ಟಳು. ಅದರ ಮುಂದಿನ ದ್ವೀಪದಲ್ಲೂ ಅದೇ ಹಲಗೆ, ಅದೇ ಬಿಸುಪು.

ನನಗೆ ರೇಗಿಹೋಯಿತು. ಮಂಗಳೂರಿಗೆ ಓಡಾಡಿ ಕನ್ನಡ ಕಲಿತಿದ್ದ ದೋಣಿಯವನ ಮೇಲೆ ಹರಿಹಾಯ್ದೆ. "ಏನಯ್ಯಾ, ದೇವರ ವಿಷಯದಲ್ಲೂ ತಮಾಷೆ ಮಾಡ್ತೀಯಾ?"

ಅವನು ಬಳೆಗಳನ್ನು ಮುಟ್ಟಲೂ ಇಲ್ಲ. "ಸಾರ್, ನಾವು ಸಮುದ್ರವನ್ನು ಮನೆಗೆ ಕರೆಯುವುದಿಲ್ಲ" ಎಂದ.

ಬಳೆಗಳನ್ನು ದೋಣಿಯಲ್ಲೇ ಬಿಟ್ಟು ಊರಿಗೆ ಬಂದೆವು. ಮಾರನೆಯ ಬೆಳಿಗ್ಗೆ ಭಾಗ್ಯಮ್ಮ ಹಿತ್ತಲ ಬಾವಿಯಿಂದ ಸೇದಿದ ನೀರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.

"ಯಾವ್ದೋ ಫ್ಯಾಕ್ಟ್ರಿ ನೀರು ಸೇರ್ಕಂಡೈತೆ ಬುಡು" ಎಂದ ಪಕ್ಕದ ಮನೆಯ ಪಾಪಯ್ಯ.

ಫ್ಯಾಕ್ಟರಿ ನೀರಂತೆ! ಹಾಗಾದರೆ ಅದೇ ಬಾವಿಯಿಂದ, ಅದೇ ಹಗ್ಗದಲ್ಲಿ ನಾನು ಸೇದಿದರೆ ಸಿಹಿನೀರು ಬರುವುದು ಯಾಕೆ? ಅವಳು ಸೇದಿದ ಕೊಡ ಮಾತ್ರ ಇವತ್ತಿಗೂ ಉಪ್ಪು. ಮುಟ್ಟಿದರೆ ಬೆಚ್ಚಗಿರುತ್ತದೆ.