ಧ್ವಜಕಟ್ಟೆಯ ಮೇಲಿನ ಹಾಜರಿ

"ಸರ, ಸ್ವಲ್ಪ ಬಾಜೂಕ ಸರೀರಿ. ನಿಮ್ಮ ನೆರಳು ಬಿದ್ರೂ ನೆಟ್‌ವರ್ಕ್ ಹೋಗ್ತೈತಿ."

ಹಿರೇಬೆಂಡಿಗೇರಿಯ ಹೈಸ್ಕೂಲಿನ ಧ್ವಜಕಟ್ಟೆಯ ಮೇಲೆ ತುದಿಗಾಲಲ್ಲಿ ನಿಂತು, ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ ಗಣಿತದ ಟೀಚರ್ ತನುಜಾ, ಬಂದವರು ಯಾರೆಂದು ತಿರುಗಿಯೂ ನೋಡದೆ ಹೇಳಿದಳು.

ಶಿಕ್ಷಕರ ಮುಖ ನೋಡಿ ಹಾಜರಿ ಹಾಕುವ ಹೊಸ ಆ್ಯಪ್ ಬಂದ ಮೊದಲ ದಿನ ಅದು. ಹತ್ತು ಗಂಟೆಯೊಳಗೆ ಶಾಲೆಯ ಆವರಣದಲ್ಲೇ ನಿಂತು, ಕಣ್ಣು ಮಿಟುಕಿಸಿ, ಮುಖ ನೋಂದಾಯಿಸಬೇಕು. ಇಲ್ಲದಿದ್ದರೆ ಗೈರುಹಾಜರಿ. ಇಡೀ ಶಾಲೆಯಲ್ಲಿ ಸಿಗ್ನಲ್ ಸಿಗುವುದು ಧ್ವಜಕಟ್ಟೆಯ ಮೇಲೆ ಮಾತ್ರ. ಪಾಠ ಮಾಡಬೇಕಾದವರು ಬಾವುಟದ ಕಂಬಕ್ಕೆ ಆತುಕೊಂಡು ಮೊಬೈಲಿಗೆ ಕಣ್ಣು ಹೊಡೆಯುವ ಕಾಲ ಬಂದಿತ್ತು, ಏನು ಮಾಡುವುದು.

ಬಂದವನು ಗೊಟಗೋಡಿ ಶಾಲೆಯ ವಿಜ್ಞಾನದ ಮಾಸ್ತರ ಮೃತ್ಯುಂಜಯ. ಎರಡು ಶಾಲೆಗಳಿಗೂ ಸೇರಿ ಇದ್ದ ಒಂದೇ ಪ್ರೊಜೆಕ್ಟರನ್ನು ಕೊಟ್ಟು ಹೋಗಲು ಬಂದಿದ್ದ. ಆಳು ಒಳ್ಳೆಯ ಎತ್ತರ.

"ಇಲ್ಲಿ ಕೊಡ್ರಿ ಮೇಡಂ. ನಿಮ್ಮ ಕೈಗೆ ಎಟುಕದ ಸಿಗ್ನಲ್ ನನ್ನ ಕೈಗೆ ಎಟುಕತೈತಿ."

ಮೊಬೈಲ್ ತೆಗೆದುಕೊಂಡು ಮೇಲೆತ್ತಿದ. ಗರಗರ ತಿರುಗುತ್ತಿದ್ದ ಚಕ್ರ ನಿಂತಿತೇ ಎಂದು ಪರದೆಯನ್ನು ದಿಟ್ಟಿಸಿ ನೋಡಿದ. ಬಿಸಿಲಿಗೆ ಕಣ್ಣು ಮಿಟುಕಿಸಿದ. ಅಷ್ಟೇ...

'ಅಭಿನಂದನೆಗಳು. ತನುಜಾ ಅವರ ಮುಖ ನೋಂದಣಿಯಾಗಿದೆ.'

ಪರದೆಯ ತುಂಬ ದಪ್ಪ ಮೀಸೆಯ ತನುಜಾ!

"ಏನ್ ಮಾಡಿದ್ರಿ ಸರ ಇದು?" ಅವಳ ಮೂಗಿನ ತುದಿ ಕೆಂಪಾಯಿತು. "ಇನ್ನ ದಿನಾ ನನ್ನ ಹಾಜರಿ ನೀವು ಬಂದು ಹಾಕ್ತೀರೇನು?"

ಮೃತ್ಯುಂಜಯ ತಲೆ ಕೆರೆದುಕೊಂಡ. "ತಪ್ಪು ನಂದು ಮೇಡಂ. ಬರ್ತೇನಿ."

ಹೆಡ್‌ಮಾಸ್ತರ ಮೈಲಾರಲಿಂಗಪ್ಪನವರು ಕಂಡಕಂಡ ಕಚೇರಿಗೆಲ್ಲ ಫೋನ್ ಮಾಡಿದರು. ತಿದ್ದುಪಡಿ ಮೇಲಿನಿಂದ ಆಗಬೇಕು, ಅಲ್ಲಿಯವರೆಗೆ ಹೇಗಾದರೂ ಸುಧಾರಿಸಿ ಎಂಬ ಉತ್ತರ ಬಂತು. ಆ 'ಮೇಲೆ' ಯಾರಿದ್ದಾರೆಂದು ಕಂಡವರು ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೈಕಿನ ಸಪ್ಪಳ ಕೇಳಿಸಿತು. ಅವನು ಮಾತಿಗೆ ತಪ್ಪಲಿಲ್ಲ. ದಿನವೂ ಶಿಗ್ಗಾಂವಿಯ ತನ್ನ ಮನೆಯಿಂದ ಹೊರಟು, ಇಲ್ಲಿಗೆ ಸುತ್ತು ಹಾಕಿ, ಕಟ್ಟೆ ಹತ್ತಿ ಕಣ್ಣು ಮಿಟುಕಿಸಿ, ಆಮೇಲೆ ಗೊಟಗೋಡಿಗೆ ಓಡುತ್ತಿದ್ದ.

"ಅಕ್ಕೋರ, ನಿಮ್ಮ ಮಾರಿ ಬಂತ್ರಿ," ಎಂದು ಟೀಚರ ಮುಖ ಬಂದ ಸುದ್ದಿಯನ್ನು ಮಕ್ಕಳು ಗೇಟಿನಿಂದಲೇ ಕೂಗುವುದು ರೂಢಿಯಾಯಿತು.

ಮೊದಮೊದಲು ತನುಜಾ ಬಿಗಿದ ಮುಖದಲ್ಲೇ ಮೊಬೈಲ್ ಚಾಚುತ್ತಿದ್ದಳು. ಆದರೆ ಚಕ್ರ ತಿರುಗುವಷ್ಟು ಹೊತ್ತು ಇಬ್ಬರು ಸುಮ್ಮನೆ ನಿಲ್ಲುವುದಾದರೂ ಹೇಗೆ?

"ನಿಮ್ಮ ಸ್ಮಾರ್ಟ್ ಬೋರ್ಡ್ ಹೆಂಗೈತ್ರಿ?" ಎಂದು ಒಂದು ದಿನ ಅವನೇ ಕೇಳಿದ.

"ತ್ರಿಕೋನ ಬರದ್ರ ವರ್ತುಳ ತೋರಸ್ತೈತ್ರಿ. ನಿಮ್ಮದು?"

"ನಮ್ಮದು ಭಾಳ ಶಾಂತ ಸ್ವಭಾವದ್ದು. ಏನೂ ತೋರಸಂಗಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವನಿಗಾಗಿ ಡಬ್ಬಿಯಲ್ಲಿ ಒಂದು ಹೋಳಿಗೆಯೋ, ಚುರುಮುರಿಯೋ ಬರತೊಡಗಿತು. ಹಾಳು ಆ್ಯಪ್ ಇನ್ನಷ್ಟು ನಿಧಾನವಾಗಬಾರದೇ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುವ ಮಟ್ಟಕ್ಕೆ ಬಂದುಬಿಟ್ಟಳು.

ಒಂದು ಸೋಮವಾರ ಅವನಿನ್ನೂ ಬಂದಿರಲಿಲ್ಲ. ಕೈ ಸುಮ್ಮನಿರದೆ ತನುಜಾ ತನ್ನ ಮುಖವನ್ನೇ ಮೊಬೈಲಿಗೆ ತೋರಿಸಿದಳು.

'ಹಾಜರಿ ದಾಖಲಾಗಿದೆ.'

ಮೇಲಿನವರು ಸದ್ದಿಲ್ಲದೆ ತಿದ್ದಿಬಿಟ್ಟಿದ್ದರು. ಖುಷಿಯಾಗಬೇಕಿತ್ತು. ಆದರೆ ಆಗಲಿಲ್ಲ. ಇನ್ನು ಮೃತ್ಯುಂಜಯ ಸರ್ ಯಾಕಾದರೂ ಬರುತ್ತಾರೆ?

ಅಷ್ಟರಲ್ಲಿ ಬೈಕಿನ ಸಪ್ಪಳ. "ತಡ ಆತೇನ್ರಿ ಮೇಡಂ?" ಎನ್ನುತ್ತ ಅವನು ಕಟ್ಟೆ ಹತ್ತಿದ. ಹೇಳಿಬಿಡಬೇಕೆಂದೇ ಇದ್ದಳು. ಆದರೆ ಬೆರಳು ತಾನಾಗಿಯೇ ಆ್ಯಪ್ ಬಿಟ್ಟು ಮೊಬೈಲಿನ ಕ್ಯಾಮೆರಾ ಒತ್ತಿತು. ಅವನು ಅದಕ್ಕೇ ಶ್ರದ್ಧೆಯಿಂದ ಕಣ್ಣು ಮಿಟುಕಿಸಿದ, ಅವಳು ಕ್ಲಿಕ್ಕಿಸಿ 'ಆತ್ರಿ' ಅಂದ ಮೇಲೆ ಹೋದ.

ನಾಳೆ ಹೇಳುತ್ತೇನೆ ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಅವಳ ಮೊಬೈಲಿನಲ್ಲಿ ಕಣ್ಣು ಮುಚ್ಚಿದ ಮೃತ್ಯುಂಜಯರು ಒಬ್ಬೊಬ್ಬರಾಗಿ ಜಮೆಯಾದರು.

ಒಂದು ಬೆಳಿಗ್ಗೆ ಅವನ ಮುಖದಲ್ಲಿ ಕಳೆ ಇರಲಿಲ್ಲ. "ನಿನ್ನೆ ಇಲ್ಲಿಂದ ಹೋಗೂದ್ರಾಗ ಗಾಡಿ ಪಂಕ್ಚರ್ ಆತ್ರಿ. ಅದ ಹೊತ್ತಿಗೆ ಅಧಿಕಾರಿಗಳು ಬಂದಿದ್ರು. ನೋಟಿಸ್ ಕೊಟ್ರು. ಅದು ಹೋಗ್ಲಿ ಬಿಡ್ರಿ, ಎಂಟನೇ ಕ್ಲಾಸಿನ ಹುಡುಗರು ಪಾಠ ಇಲ್ಲದ ಇಡೀ ಪಿರಿಯಡ್ ಸುಮ್ಮನ ಕುಂತಿದ್ರು. ಅದ ಭಾಳ ಬ್ಯಾಸರಾತು... ಇರ್ಲಿ, ಕೊಡ್ರಿ ಮೊಬೈಲು."

ಅವಳು ಮೊಬೈಲನ್ನು ಅವನ ಕೈಗಿಟ್ಟಳು. ಮಕ್ಕಳ ಪಾಠವನ್ನೇ ಕಸಿದುಕೊಂಡೆನೇ ನಾನು?

"ಸರ... ಇದು ಆ್ಯಪ್ ಅಲ್ಲ. ಬರೇ ಕ್ಯಾಮೆರಾ. ನನ್ನ ಮಾರಿ ಎಂದೋ ಸರಿ ಆಗೈತಿ."

ಅವನು ಫೋಟೋಗಳನ್ನು ನೋಡಿದ. ಒಂದಾದ ಮೇಲೊಂದು, ಪೆದ್ದುಪೆದ್ದಾಗಿ ಕಣ್ಣು ಮುಚ್ಚಿದ ತನ್ನದೇ ಮುಖ.

"ಯಾಕ ಮೇಡಂ?"

ಅವಳು ತಲೆ ತಗ್ಗಿಸಿದಳು.

"ಇವನ್ನ ನೋಡಿ ಸ್ಟಾಫ್ ರೂಮಿನ್ಯಾಗ ಎಲ್ಲಾರಿಗೂ ಒಳ್ಳೆ ಮಜಾ ಆಗಿರಬೇಕು," ಎಂದ ಮೆಲ್ಲಗೆ. ಕಟ್ಟೆ ಇಳಿದು ಹೊರಟುಹೋದ.

ಮರುದಿನ ಬೈಕು ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಈಗ ಆ್ಯಪ್ ಮಾತ್ರ ಅವಳ ಮುಖವನ್ನು ಥಟ್ಟನೆ ಗುರುತು ಹಿಡಿಯುತ್ತಿತ್ತು. ಅಷ್ಟು ಚುರುಕಾಗಿದ್ದಕ್ಕೇ ಅದರ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು.

ಆ ವಾರ ಪ್ರೊಜೆಕ್ಟರ್ ಗೊಟಗೋಡಿಗೆ ಹೋಗುವ ಸರದಿ. ಹಿರೇಬೆಂಡಿಗೇರಿ ಶಾಲೆಗೆ ಸ್ಥಳೀಯ ರಜೆ ಇದ್ದ ದಿನ ನೋಡಿ, ಪೆಟ್ಟಿಗೆಯನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ತನುಜಾ ಬಸ್ಸು ಹತ್ತಿದಳು.

ಮೃತ್ಯುಂಜಯ ಎಂಟನೇ ತರಗತಿಯ ಬಾಗಿಲಲ್ಲಿ ನಿಂತಿದ್ದ. ಅವಳನ್ನು ಕಂಡು ಬೆರಗಾದ.

"ನಿಮ್ಮ ಹುಡುಗರ ಪಿರಿಯಡ್ ಒಂದು ನನ್ನ ಕಡೆ ಉಳದೈತಿ ಸರ. ತಿರುಗಿ ಕೊಡಾಕ ಬಂದೇನಿ. ಯಾವ ಪಾಠ ಇತ್ರಿ ಅವತ್ತು?"

"...ಗ್ರಹಣ."

ಪ್ರೊಜೆಕ್ಟರ್ ಹಚ್ಚಿದಳು. ಸೂರ್ಯ ಅರ್ಧ ಮೂಡಿದ, ಕರೆಂಟು ಹೋಯಿತು. ಇಬ್ಬರಿಗೂ ಆಶ್ಚರ್ಯವಾಗಲಿಲ್ಲ.

"ನಡೀರಿ ಎಲ್ಲಾರೂ ಮೈದಾನಕ್ಕ," ಎಂದಳು ತನುಜಾ. ಅಲ್ಲಿ ಮುಂದೆ ನಿಂತ ಹುಡುಗಿಯ ಹೆಸರು ಕೇಳಿಕೊಂಡಳು. "ನಿಮ್ಮ ಸರ್ ಸೂರ್ಯ. ಇರಮ, ನೀ ಭೂಮಿ. ನಾ ಚಂದ್ರ."

ಎತ್ತರದ ಸೂರ್ಯ ಪೆಚ್ಚಾಗಿ ನಡುವೆ ನಿಂತ. ಭೂಮಿಯಾದ ಹುಡುಗಿ ಇರಮಳ ಸುತ್ತ ಚಂದ್ರ ತಿರುಗಿದಳು. ಇಬ್ಬರ ನಡುವೆ ಬಂದು ನಿಂತಾಗ ಕೇಳಿದಳು, "ಸೂರ್ಯ ಕಾಣತೈತೇನು?"

"ಇಲ್ರೀ ಅಕ್ಕೋರ, ನೀವು ಅಡ್ಡ ಬಂದೀರಿ. ಮೀಸಿ ಮಾತ್ರ ಕಾಣತೈತಿ."

ಮೈದಾನ ತುಂಬ ನಗು. ಸೂರ್ಯನೂ ನಕ್ಕ. ಅವಳಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಯಿತು.

ಗಂಟೆ ಬಾರಿಸಿತು, ಮಕ್ಕಳು ಒಳಗೆ ಹೋದರು. ಅವನಿಗೆ ಒಪ್ಪಿಸಲು ಪ್ರೊಜೆಕ್ಟರನ್ನು ಪೆಟ್ಟಿಗೆಗೆ ಹಾಕಿ ಅವಳು ಹೊರಗೆ ತಂದಳು. ಬೇವಿನ ಮರದಡಿ ಇಬ್ಬರೇ ಉಳಿದರು.

"ಸರ, ಸ್ಟಾಫ್ ರೂಮಿನ್ಯಾಗ ಯಾರಿಗೂ ಗೊತ್ತಿರಲಿಲ್ಲ," ಎಂದಳು ತನುಜಾ. "ಯಾರಿಗರ ಹೇಳಿದ್ರ ನಿಮಗ ಮುಟ್ತಿತ್ತು. ನೀವು ಬರೂದು ನಿಲ್ತಿತ್ತು. ಅದಕ್ಕ..."

"ಅದಕ್ಕ?"

"ನಿಮ್ಮ ಬೈಕಿನ ಸಪ್ಪಳ ಕೇಳ್ಲಿಲ್ಲಂದ್ರ ನನಗ ಬೆಳಗ ಆದಂಗ ಅನಸೂದಿಲ್ಲ." ಅವಳ ಕಣ್ಣು ತುಂಬಿಬಂತು. "ತಪ್ಪು ಮಾಡೇನಿ. ಆದ್ರ ಮಜಾಕ್ ಮಾಡಿಲ್ಲ."

ಅವನು ಮೀಸೆಯಡಿ ನಗು ಅಡಗಿಸುತ್ತ ಅಂದ, "ಈಗ ನಿಮ್ಮ ಹಾಜರಿಗೆ ನಾ ಬೇಕಾಗಿಲ್ಲಲ್ರಿ."

"ಹಾಜರಿಗೆ ಬ್ಯಾಡ. ನನಗ ಬೇಕು."

ಅವನು ಅವಳ ಕೈಯಿಂದ ಪ್ರೊಜೆಕ್ಟರಿನ ಪೆಟ್ಟಿಗೆಯನ್ನು ಮೆಲ್ಲಗೆ ತೆಗೆದುಕೊಂಡ. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಕೈ ಹಿಂದೆ ತೆಗೆಯಲಿಲ್ಲ.

"ಹಂಗಾರ ಬರ್ತೇನಿ ತನುಜಾ. ಆದ್ರ ಬೆಳಗ್ಗೆ ಅಲ್ಲ, ಸಾಲಿ ಬಿಟ್ಟ ಮ್ಯಾಲೆ. ಹುಡುಗರ ಪಿರಿಯಡ್ ಹುಡುಗರಿಗೇ ಇರ್ಲಿ."

"ಸಂಜೀಕ ಕಟ್ಟಿ ಮ್ಯಾಲೆ ಸಿಗ್ನಲ್ ಇರಂಗಿಲ್ರಿ..."

"ಭಾಳ ಚಲೋ ಆತು," ಎಂದ ಮೃತ್ಯುಂಜಯ. "ಇಬ್ಬರೂ ಮೊಬೈಲ್ ಒಳಗಿಟ್ಟು ಕುಂದ್ರೋಣು."