ಅವಕಾಶದಿಂದ ಬಂದ ಕಿರಣ

ಇಚಲಕರಂಜಿಯ ಕೋರ್ಟಿನಲ್ಲಿ ಬಹಳ ವರ್ಷ ಕನ್ನಡ–ಮರಾಠಿ ದುಭಾಷಿಯಾಗಿದ್ದ ರಾಜಮತಿಬಾಯಿ ನಿವೃತ್ತರಾಗಿ ಮನೆಯಲ್ಲಿದ್ದರೂ, ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ನೂಲಿನ ದಲಾಲಿ ಬಿಟ್ಟು ಅವರ ಸ್ಕೂಟರಿನ ಸಾರಥ್ಯ ವಹಿಸಿಕೊಂಡಿದ್ದ ಬಸಗೊಂಡನಿಗಂತೂ ಅವರ ಪತ್ತೇದಾರಿಕೆಯೆಂದರೆ ಜೀವ. ಮಂಗಳವಾರ ಬೆಳಿಗ್ಗೆ ಮಯೂರಿ ಅಳುಮೋರೆ ಹೊತ್ತು ಮೆಟ್ಟಿಲು ಹತ್ತಿ ಬಂದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಮಯೂರಿ ನಿಪ್ಪಾಣಿಯ ಹುಡುಗಿ, ಓಣಿಯ ಸೊಸೆ, ಇಂಗ್ಲಿಷ್ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಅವಳ ‘ಚಾ ಜೊತಿ ಚಂದ್ರ’ ಎಂಬ ವಾಟ್ಸಾಪ್ ಚಾನೆಲ್ ಗಡಿಯ ಹಳ್ಳಿಗಳಲ್ಲೆಲ್ಲ ಮನೆಮಾತು. ದಿನಾ ಬೆಳಿಗ್ಗೆ ಒಂದು ವಿಜ್ಞಾನದ ಸುದ್ದಿ, ಅದರ ಕೆಳಗೆ ಚಹಾದ ಹಬೆಯದೋ ಮಗ್ಗದ ಸದ್ದಿನದೋ ನಾಲ್ಕು ಸಾಲಿನ ಮಾತು, ಜೊತೆಗೊಂದು ಫೋಟೋ.

"ನಿನ್ನೆ ಮಧ್ಯಾಹ್ನ ನಾ ಸಾಲ್ಯಾಗ ಇದ್ದಾಗ ಯಾರೋ ಇದನ್ನ ಹಾಕ್ಯಾರ್ರಿ, ಬಾಯಾರ. ಅಳಿಸೂದ್ರಾಗ ಊರೆಲ್ಲ ಹರಡೇತಿ," ಎಂದು ಅವಳು ಮೊಬೈಲು ಚಾಚಿದಳು.

ರಾಜಮತಿಬಾಯಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. "‘ಇವತ್ತ ಸಂಜಿಗೆ ಅವಕಾಶದಿಂದ ಕೆಟ್ಟ ಕಿರಣ ಬೀಳ್ತಾವ. ಊಟ ಮುಗಿಯೂತನಕ ಎಲ್ಲಾರೂ ಮೊಬೈಲ್ ಬಂದ್ ಇಡ್ರಿ. ಫೋಟೋ ತಗೀಬ್ಯಾಡ್ರಿ.’"

"ಬಾಜೂ ಹಳ್ಳಿ ಯಡ್ರಾವದಾಗ ಮಂದಿ ಟಿವಿ ಸುದ್ದಾ ಬಂದ್ ಮಾಡಿದ್ರಂತ," ಎಂದಳು ಮಯೂರಿ. ಬಸಗೊಂಡ ಕಿಟಕಿಯಾಚೆ ನೋಡಿದ. ನಿನ್ನೆ ಸಂಜೆ ತಾನೂ ಮೊಬೈಲು ಆರಿಸಿ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟದ್ದನ್ನು ಅವನು ಬಾಯಿ ಬಿಡಲಿಲ್ಲ.

"ಚಾನೆಲ್ ಯಾರ್‍ಯಾರ ಕೈಯಾಗ ಐತಿ?" ಎಂದು ರಾಜಮತಿಬಾಯಿ ಕೇಳಿದರು.

"ನನ್ನ ಕೈಯಾಗ, ನಮ್ಮ ಮನಿಯವರ ಕೈಯಾಗ, ಮತ್ತ ನನ್ನ ತಮ್ಮ ಕುಣಾಲನ ಕೈಯಾಗ. ಯಾರು ಹಾಕಿದ್ರಂತ ಅದ್ರಾಗ ತೋರಸೂದಿಲ್ರಿ. ಆದ್ರ ಇದು ಕುಣಾಲಂದ ಕೆಲಸ. ‘ನಿನ್ನ ಸುದ್ದಿ ಸಪ್ಪಗಾಗ್ಯಾವ ಅಕ್ಕಾ, ಸ್ವಲ್ಪ ಮಸಾಲಿ ಹಾಕು’ ಅಂದಿದ್ದ. ಅವಸರದಾಗ ‘ಆಕಾಶ’ ಅಂತ ಸುದ್ದಾ ಬರಿಯಾಕ ಬಂದಿಲ್ಲ ನೋಡ್ರಿ."

ಕುಣಾಲ ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದ. ಸೋಮವಾರ ಅವನಿಗೆ ರಜೆ; ಸಂಜೆ ಅಕ್ಕನ ಮನೆಯಲ್ಲೇ ಊಟ. ನಿನ್ನೆ ಮಯೂರಿ ಫೋನಿನಲ್ಲಿ ಬೈದು, ಬರಬೇಡ ಎಂದಿದ್ದಳು. ಆಮೇಲೆ ಅವನಿಂದ ಒಂದೇ ಸಾಲು ಬಂದಿತ್ತು: ‘ಮಾತಾಡಾಕ ಒಂದ ಅವಕಾಶ ಕೊಡ ಅಕ್ಕಾ.’ ಅದನ್ನೂ ಅವಳು ತೋರಿಸಿದಳು. ಉತ್ತರಿಸಿರಲಿಲ್ಲ.

"ಇವತ್ತ ಸಂಜಿಗೆ ಚಾನೆಲ್ ಮುಚ್ಚತೇನ್ರಿ. ಅವನ ಕೂಡ ಮಾತೂ ಮುಗೀತು," ಎಂದವಳ ದನಿ ಒಡೆಯಿತು. ಚಾನೆಲ್ಲಿಗಿಂತ ತಮ್ಮನೇ ಅವಳನ್ನು ಸುಡುತ್ತಿದ್ದಾನೆಂದು ಬಸಗೊಂಡನಿಗೂ ತಿಳಿಯಿತು.

"ಸಂಜೀತನಕ ತಡಿ," ಎಂದು ರಾಜಮತಿಬಾಯಿ ಚಪ್ಪಲಿ ಹುಡುಕಿದರು. "ಮೊದಲ ನಿಮ್ಮನಿ ಚಾ ಕುಡಿಯೂಣು."

ಮಯೂರಿಯ ಅತ್ತೆ ಕಲ್ಲವ್ವ ಅಡುಗೆಮನೆಯಲ್ಲಿದ್ದಳು. ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಹಳೆಯ ಟ್ಯಾಬಿನಲ್ಲಿ ಭಜನೆ ಬರುತ್ತಿತ್ತು. ಸಾಲಾಗಿದ್ದ ಸಕ್ಕರೆ, ಉಪ್ಪಿನ ಡಬ್ಬಿಗಳ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ ‘ಸಾಖರ’, ‘ಮೀಠ’ ಎಂದು ಬರೆದಿತ್ತು. ಚಹಾದ ಜೊತೆ ಒಂದೊಂದು ತಣ್ಣನೆಯ ಹೋಳಿಗೆಯೂ ಬಂತು. ಅಷ್ಟು ದುಃಖದಲ್ಲೂ ಮಯೂರಿಯ ಕೈ ರೂಢಿಯಂತೆ ಮೊಬೈಲಿಗೆ ಹೋಗಿ, ಫೋಟೋಕ್ಕೆಂದು ಚಹಾದ ಕಪ್ಪಿನ ಮೇಲೆ ಸುಳಿದಾಡಿತು.

"ಆರತೈತಿ," ಎಂದಳು ಕಲ್ಲವ್ವ.

"ನಿನ್ನೆ ಏನ್ ಹಬ್ಬ ಕಲ್ಲವ್ವ, ಹೋಳಿಗಿ ಮಾಡೀಯಲ್ಲ?" ಎಂದು ರಾಜಮತಿಬಾಯಿ ಕೇಳಿದರು.

"ಹಬ್ಬ ಎಲ್ಲೀದ್ರಿ ಅಕ್ಕಾರ. ಕುಣಾಲ ಬರಾಂವ ಇದ್ದ. ಯಾರೂ ಮುಟ್ಟಲಿಲ್ಲ ಬಿಡ್ರಿ."

"ಟ್ಯಾಬ್ ನಿಂದೇನು?"

"ನಮ್ಮ ಮಗ ಅಭಯಂದ್ರಿ. ಅವನ ವಾಟ್ಸಾಪ್‌ನ್ಯಾಗಿಂದನ ನಾನೂ ಮನಿ ಗ್ರೂಪಿಗೆ ಹಾಕತೇನಿ."

ಕಲ್ಲವ್ವನ ತವರು ಗಡಹಿಂಗ್ಲಜ. ಓದಿದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಕಲಿತದ್ದು ಮಠದಲ್ಲಿ ವಚನ ಓದಲಿಕ್ಕೆ. ಇದನ್ನೆಲ್ಲ ರಾಜಮತಿಬಾಯಿ ಹೋಳಿಗೆ ಮುರಿಯುತ್ತಲೇ ಕೇಳಿಕೊಂಡರು. ಬಸಗೊಂಡ ಹೋಳಿಗೆಯನ್ನಷ್ಟೇ ಗಮನಿಸಿದ.

ಅಂಗಡಿಯಿಂದ ಬಂದ ಮಯೂರಿಯ ಗಂಡ ಅಭಯನ ಕೈಗೆ ಅವರು ಆ ಸುದ್ದಿಯನ್ನು ಕೊಟ್ಟು ಓದೆಂದರು. ಅವನು ಅಕ್ಷರಕ್ಕೊಮ್ಮೆ ನಿಂತು, ಬೆವರು ಒರೆಸಿಕೊಂಡು ಮೊಬೈಲು ಮರಳಿಸಿದ. "ಕನ್ನಡ ಬೋಲ್ತಾ ಯೇತೆ, ಲಿಹಿತಾ ಯೇತ ನಾಹೀ," ಎಂದು, ಮಾತು ಬರುತ್ತದೆ, ಬರೆಯಲು ಬಾರದೆಂದು ಮರಾಠಿಯಲ್ಲೇ ಹೇಳಿ ನಕ್ಕ.

"ಕುಣಾಲಗ ಫೋನ್ ಮಾಡಿ ಸಂಜಿಗೆ ಬಾ ಅನ್ನು," ಎಂದು ರಾಜಮತಿಬಾಯಿ ಬಸಗೊಂಡನಿಗೆ ಹೇಳಿ ಎದ್ದರು.

ಸಂಜೆ ಎಲ್ಲರೂ ಮಯೂರಿಯ ಮನೆಯ ಪಡಸಾಲೆಯಲ್ಲಿ ಕೂತರು. ಕುಣಾಲ ಫೌಂಡ್ರಿಯ ಅಂಗಿಯಲ್ಲೇ ಬಂದು ಬಾಗಿಲ ಬಳಿ ನಿಂತಿದ್ದ. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡದೆ ನೆಲ ನೋಡುತ್ತಿದ್ದರು.

"ಎಲ್ಲಾರೂ ಇದನ್ನ ‘ಆಕಾಶ’ ಅಂತ ಓದೀರಿ," ಎಂದು ರಾಜಮತಿಬಾಯಿ ಆರಂಭಿಸಿದರು. "ನಾ ಕೋರ್ಟಿನ್ಯಾಗ ಅಕ್ಷರ ನೋಡಿ ಉಂಡಾಕಿ. ಇಲ್ಲಿ ‘ಆ’ ಇಲ್ಲ, ‘ಅ’ ಐತಿ. ನಡುವ ‘ವ’ನೂ ಐತಿ. ಒಂದ ಶಬ್ದದಾಗ ಎರಡು ತಪ್ಪು ಕೂಡಿ ಇನ್ನೊಂದು ಸರಿಯಾದ ಶಬ್ದ ಆಗೂದು ಭಾಳ ಅಪರೂಪ. ಮರಾಠಿ ವಿಜ್ಞಾನದ ಪುಸ್ತಕದಾಗ ಅವಕಾಶ ಅಂದ್ರ ಏನು, ಅಭಯ?"

"ಅಂತರಿಕ್ಷ ರೀ. ಗ್ರಹ, ಚುಕ್ಕಿ ಇರೂ ಜಾಗಾ."

ಮಯೂರಿ ತಲೆ ಎತ್ತಿದಳು.

"ನೀ ಕಲಿಸೂದು ಇಂಗ್ಲಿಷಿನ್ಯಾಗ, ನಿನಗ ಹೊಳೀಲಿಲ್ಲ. ಕುಣಾಲ ನಿಪ್ಪಾಣಿ ಕನ್ನಡ ಸಾಲ್ಯಾಗ ಕಲಿತಾಂವ. ಅವಗ ಅವಕಾಶ ಅಂದ್ರ ಏನಂತ ನಿನ್ನ ಮೊಬೈಲಿನ್ಯಾಗ ಐತಿ. ಮಾತಾಡಾಕ ಅವಕಾಶ ಕೊಡು ಅಂದಾನ. ಅಂದ್ರ ಬರದಾವರು ವಿಜ್ಞಾನ ಮರಾಠಿಯಾಗ ಕಲಿತಾವರು, ಅಕ್ಷರ ಕನ್ನಡ ಬರಿಯಾವರು. ಅಭಯಗ ಕನ್ನಡ ಬರಿಯಾಕ ಬರೂದಿಲ್ಲ. ಆದ್ರ ಅವನ ಟ್ಯಾಬ್ ಅಡಗಿಮನ್ಯಾಗ ಐತಿ. ಅಲ್ಲಿ ಸಕ್ಕರಿ ಡಬ್ಬಿ ಮ್ಯಾಲ ಕನ್ನಡ ಅಕ್ಷರದಾಗ ‘ಸಾಖರ’ ಅಂತ ಬರದಾವರು ಒಬ್ಬರ."

ಎಲ್ಲರ ಕಣ್ಣೂ ಕಲ್ಲವ್ವನತ್ತ ತಿರುಗಿದವು.

"ಇನ್ನೊಂದು ಮಾತು. ಮ್ಯಾಲಿಂದ ಬೀಳೂ ಕಿರಣಕ್ಕ ನಮ್ಮ ಊಟದ ಹೊತ್ತು ಹೆಂಗ ಗೊತ್ತಾಗಬೇಕು? ಫೋಟೋದ ಮ್ಯಾಲ ಅದಕ್ಕ ಯಾಕ ಸಿಟ್ಟು? ಹೋಳಿಗಿ ಮಾಡಿದಾಕಿಗೆ ಮಾತ್ರ ಊಟದ ಹೊತ್ತಿನ್ಯಾಗ ಮೊಬೈಲೂ ಬ್ಯಾಡ, ಫೋಟೋನೂ ಬ್ಯಾಡ."

ಕಲ್ಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಏನ್ ಮಾಡಿ ಬಡಿಸಿದ್ರೂ ಮೊದಲ ಫೋಟೋ, ಆಮ್ಯಾಲ ನಾಕ ಸಾಲು, ಆಮ್ಯಾಲ ಊಟ. ಒಂದ ದಿನ ಬಿಸೀದು ತಿನ್ನಲಿ ಅಂತ ಮನಿ ಗ್ರೂಪಿಗೆ ಬರದೆ ರೀ. ಚಾಷ್ಟಿಗೆ, ನಗಸಾಕ. ಗ್ರೂಪು, ಚಾನೆಲ್ ಎರಡೂ ಒಂದರ ಕೆಳಗ ಒಂದು ಇದ್ದೂ, ಬೆರಳು ಚಾನೆಲ್ ಮ್ಯಾಲ ಬಿತ್ತು. ಹೇಳಬೇಕು ಅನ್ನೂದ್ರಾಗ ಇಕಿ ಕುಣಾಲಗ ಒದರಾಕತ್ತಿದ್ಲು. ಬಾಯಿ ಕಟ್ಟಿಧಂಗಾತು. ತಪ್ಪಾತು ತಮ್ಮಾ."

ಮಯೂರಿ ಎದ್ದು ತಮ್ಮನ ಕೈ ಹಿಡಿದಳು. "ನಾ ಕೇಳಬೇಕಾಗಿತ್ತೋ. ಎಲ್ಲಾರಿಗೂ ‘ಮೊದಲ ಪರೀಕ್ಷಾ ಮಾಡಿ ನಂಬ್ರಿ’ ಅಂತ ದಿನಾ ಬರಿಯಾಕಿ ನಾನ."

"ಈಗರ ಒಂದ ಅವಕಾಶ ಕೊಟ್ಟಿ," ಎಂದ ಕುಣಾಲ. ಮುಖ ನಗುತ್ತಿತ್ತು. ಬಸಗೊಂಡನಿಗೆ ಕಣ್ಣು ಮಂಜಾಯಿತು. ಕಾಯಿಸುತ್ತಿದ್ದ ತುಪ್ಪದ ಹೊಗೆ ಎಂದ.

ಚಾನೆಲ್ ಮುಚ್ಚಲಿಲ್ಲ. ತಿದ್ದುಪಡಿಯನ್ನು ಕಲ್ಲವ್ವನೇ ಬರೆಯಬೇಕೆಂದು ಮಯೂರಿ ಟ್ಯಾಬು ಅವಳ ಮುಂದಿಟ್ಟಳು. ಕಲ್ಲವ್ವ ಒಂದೊಂದೇ ಅಕ್ಷರ ಒತ್ತಿದಳು: ‘ಕಿರಣ ಗಿರಣ ಏನೂ ಬಿದ್ದಿಲ್ಲ. ನಮ್ಮನಿ ಹೋಳಿಗಿ ಆರತಿತ್ತು. ತಪ್ಪು ನಂದು. ಕುಣಾಲಂದಲ್ಲ.’

ಅದಕ್ಕೆ ಬಂದ ಮೆಚ್ಚುಗೆಯನ್ನು ಆ ಹೊತ್ತು ಯಾರೂ ಎಣಿಸಲಿಲ್ಲ. ಮೊಬೈಲುಗಳೆಲ್ಲ ಕಪಾಟಿನ ಮೇಲಿದ್ದವು, ಬಸಗೊಂಡನದೂ. ಹೆಂಚಿನಿಂದ ಇಳಿದ ಹೋಳಿಗೆಯನ್ನು ಕಲ್ಲವ್ವ ಮೊದಲು ಕುಣಾಲನ ತಾಟಿಗೆ ಹಾಕಿ ತುಪ್ಪ ಸುರಿದಳು. ಅವನು ಬಾಯಿ ಸುಟ್ಟುಕೊಂಡು ತಿಂದ.