ಸೋಯಾ ಸಾಸ್ ಟೀ ಶರ್ಟುಗಳು

ಬೆಳಿಗ್ಗೆ ಗಲ್ಫಿನ ಟುಬ್ಲಿಯ ಪ್ರಿಂಟಿಂಗ್ ವರ್ಕ್‌ಶಾಪಿನ ಬಾಗಿಲು ತೆಗೆದಾಗ ಕಪಾಟು ಖಾಲಿ. ಹಿಂದಿನ ಸಂಜೆ ಪೇರಿಸಿಟ್ಟಿದ್ದ ಟೀ ಶರ್ಟುಗಳಲ್ಲಿ ಒಂದೂ ಇರಲಿಲ್ಲ. ಬೀಗ ಮುರಿದಿರಲಿಲ್ಲ. ಕೀಲಿಕೈ ಇದ್ದದ್ದು ಇಬ್ಬರ ಬಳಿ—ವರ್ಕ್‌ಶಾಪ್ ನಡೆಸುವ ಕಮಲಾಕ್ಷ, ಪ್ರಿಂಟಿಂಗ್ ಮಾಡುವ ಗುರುವಪ್ಪ.

ಯಜಮಾನನೇ ತನ್ನ ಮಾಲು ಕದಿಯುತ್ತಾನೆಯೇ? ಆದ್ದರಿಂದ ಕಳ್ಳ ಗುರುವಪ್ಪ ಎಂದು ಮಧ್ಯಾಹ್ನದೊಳಗೆ ತೀರ್ಮಾನವಾಗಿತ್ತು.

ವಿಮಾ ಕಂಪನಿಯಿಂದ ನಾವು ಹೋದೆವು—ನಷ್ಟದ ತನಿಖೆ ಮಾಡುವ ವ್ಯಾಲೆಂಟೈನ್, ಅವನ ಫೈಲು ಹೊರುವ ನಾನು. ನನ್ನ ಹೆಸರು ಸರ್ವೋತ್ತಮ. ೧೯೮೩ರ ಆಗಸ್ಟ್. ಕಾರಿನ ಏಸಿ ಕೆಟ್ಟಿತ್ತು. ಸುಟ್ಟ ಗೋದಾಮು, ನೆನೆದ ಸರಕು, ಜನರ ಸುಳ್ಳು ನೋಡಿ ನೋಡಿ ನಮ್ಮಿಬ್ಬರಿಗೂ ಬೇಸರ ಬಂದಿತ್ತು. ವ್ಯತ್ಯಾಸವಿಷ್ಟೇ, ಅವನ ಬೇಸರಕ್ಕೆ ಕಣ್ಣಿತ್ತು.

"ಎಂತದು ಮಾಲು?" ವ್ಯಾಲೆಂಟೈನ್ ಕೇಳಿದ.

"ಮನಾಮದ ಹೋಟೆಲಿನಲ್ಲಿ ಜಪಾನೀ ರೆಸ್ಟೋರೆಂಟ್ ಶುರುವಾಗ್ತದೆ ಮಾರಾಯ್ರೆ," ಎಂದ ಕಮಲಾಕ್ಷ. "ಜಪಾನಿನ ಹಳೇ ಸೋಯಾ ಸಾಸ್ ಬಾಟಲಿ ಉಂಟಲ್ಲ, ಅದರ ಲೇಬಲ್‌ನ ಹಾಗೆ ಟೀ ಶರ್ಟ್ ಬೇಕು ಅಂದ್ರು. ಗಿರಾಕಿಗಳಿಗೆ ತಮಾಷೆಗೆ ಕೊಡ್ಲಿಕ್ಕೆ. ಇದು ಅವರು ಕೊಟ್ಟ ಮಾದರಿ."

ಹಾಳೆಯ ಮೇಲೆ ಕಪ್ಪು ಬಾಟಲಿ, ಕೆಳಗೆ ಕೆಂಪು ಜಪಾನೀ ಅಕ್ಷರಗಳು. ಅದನ್ನು ಫೈಲಿಗೆ ಸೇರಿಸಿದೆ.

ಗುರುವಪ್ಪ ಮೂಲೆಯಲ್ಲಿ ಹಳೇ ಲುಂಗಿಯ ತುಂಡಿನಲ್ಲಿ ಕೈಯ ಬಣ್ಣ ಒರೆಸುತ್ತ ನಿಂತಿದ್ದ. ಬಣ್ಣ ಹೋಗಿದ್ದರೂ ಒರೆಸುತ್ತಲೇ ಇದ್ದ.

"ನೀನು ತೆಗೆದದ್ದಾ?" ವ್ಯಾಲೆಂಟೈನ್ ಅವನನ್ನು ಕೇಳಿದ.

"ಇಲ್ಲ ಸರ್. ಕಳ್ಳ ಅಂತ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿದ್ರೆ ಇನ್ನು ಗಲ್ಫಿಗೆ ಬರ್ಲಿಕ್ಕಿಲ್ಲ. ಊರಲ್ಲೂ ಕಳ್ಳನೇ. ಪಾಸ್‌ಪೋರ್ಟ್ ಕಮಲಾಕ್ಷಣ್ಣನ ಹತ್ರ ಉಂಟು."

"ಪ್ರಿಂಟಿಂಗ್ ಪೂರಾ ನೀನೇ ಮಾಡುವುದಾ?"

"ನಾನು ಸ್ಕ್ರೀನಿನ ಮೇಲೆ ಬಣ್ಣ ಎಳೆಯುವುದು ಮಾತ್ರ. ಚಿತ್ರದ ಫಿಲ್ಮ್ ಇಟ್ಟು ಅಚ್ಚಿನ ಸ್ಕ್ರೀನ್ ಮಾಡುವುದು ಅವರೇ. ಆ ಕತ್ತಲೆ ಕೋಣೆಗೆ ನಮ್ಮನ್ನು ಬಿಡುವುದಿಲ್ಲ."

"ಆ ಸ್ಕ್ರೀನ್ ಎಲ್ಲಿ?"

"ತೊಳೆದಾಯ್ತು," ಕಮಲಾಕ್ಷ ನಡುವೆ ಬಾಯಿ ಹಾಕಿದ. "ಕೆಲಸ ಮುಗಿದ ಮೇಲೆ ತೊಳೆಯುವುದೇ."

ಮೇಜಿನ ಕೆಳಗೆ ಇನ್ನೂ ಪ್ರಿಂಟ್ ಮಾಡದ ಬಿಳಿ ಟೀ ಶರ್ಟುಗಳು ತುಂಬಿದ ಪೆಟ್ಟಿಗೆಗಳು ಹಾಗೇ ಇದ್ದವು. ವ್ಯಾಲೆಂಟೈನ್ ಅವನ್ನು ನೋಡಿ ಆಕಳಿಸಿದ. ನಾನು ಏನೂ ನೋಡಲಿಲ್ಲ, ನನಗೆ ಹಸಿವಾಗಿತ್ತು.

"ಊಟ ಮಾಡದೆ ಹೋಗ್ಲಿಕ್ಕಿಲ್ಲ," ಎಂದು ಕಮಲಾಕ್ಷ ಪಟ್ಟು ಹಿಡಿದ. ಗುಫೂಲ್‌ನ ಅವನ ಫ್ಲಾಟಿನಲ್ಲಿ ಹೆಂಡತಿ ಸರೋಜಿನಿ ಕುದಿಯುವ ಮೀನು ಸಾರಿನ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ತಂದಿಟ್ಟಳು. ನಾನು ಎರಡು ಸಲ ಬಡಿಸಿಕೊಂಡೆ. ವ್ಯಾಲೆಂಟೈನ್ ಅನ್ನ ಕಲಸುತ್ತ ಆ ಮಸಿಬಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಕೈ ತೊಳೆಯಲು ಎದ್ದವನು ಮಸಿಬಟ್ಟೆಯನ್ನೂ ಎತ್ತಿಕೊಂಡು ಹೋದ.

"ಸರ್ವೋತ್ತಮ, ಆ ಮಾದರಿ ಹಾಳೆ ತಾ."

ಬೇಸಿನ್ನಿನ ಮೇಲಿನ ಕನ್ನಡಿಯ ಎದುರು ಅವನು ಒಳಗೆ ಮಡಚಿಹೋಗಿದ್ದ ಪ್ರಿಂಟಿನ ಮೈ ಹೊರಗೆ ಮಾಡಿ ಬಟ್ಟೆಯನ್ನು ಬಿಡಿಸಿ ಹಿಡಿದಿದ್ದ. ಅದೊಂದು ಟೀ ಶರ್ಟು. ಕಪ್ಪು ಬಾಟಲಿ, ಕೆಂಪು ಅಕ್ಷರ. ಬಟ್ಟೆಯ ಅಕ್ಷರಗಳು ಹಾಳೆಗೆ ಹೊಂದಲಿಲ್ಲ. ಕನ್ನಡಿಯೊಳಗಿನವು ಹೊಂದಿದವು!

"ಫಿಲ್ಮ್ ಮಗುಚಿ ಇಟ್ಟಿರಿ, ಅಲ್ವಾ ಕಮಲಾಕ್ಷ?" ವ್ಯಾಲೆಂಟೈನ್ ದನಿ ಏರಿಸಲಿಲ್ಲ. "ಬಾಟಲಿ ಎರಡು ಕಡೆಯಿಂದಲೂ ಒಂದೇ. ಅಕ್ಷರ ಓದ್ಲಿಕ್ಕೆ ನಿಮಗೂ ಬರುವುದಿಲ್ಲ, ಗುರುವಪ್ಪನಿಗೂ ಬರುವುದಿಲ್ಲ. ಎಲ್ಲ ಮುಗಿದ ಮೇಲೆ ಮಾದರಿಗೆ ಹಿಡಿದು ನೋಡಿದಾಗ ಗೊತ್ತಾಯ್ತು. ಹೋಟೆಲಿನವರು ಮುಖಕ್ಕೆ ಎಸೀತಾರೆ. ಕಳ್ಳತನ ಅಂದ್ರೆ ವಿಮೆಯೂ ಬರ್ತದೆ, ಮರ್ಯಾದೆಯೂ ಉಳೀತದೆ."

"ಎಲ್ಲಿಂದ ಎಲ್ಲಿಗೆ ಮಾರಾಯ್ರೆ!" ಎಂದ ಕಮಲಾಕ್ಷ.

"ಕಳ್ಳ ಬಂದಿದ್ರೆ ಬಿಳಿ ಶರ್ಟ್ ಒಯ್ತಿದ್ದ. ಎಲ್ಲಿ ಬೇಕಾದ್ರೂ ಮಾರಬಹುದು. ಸೋಯಾ ಸಾಸ್ ಶರ್ಟ್ ಇಲ್ಲಿಯ ಸೂಕ್ ಬಜಾರಿನಲ್ಲಿ ಯಾರಿಗೆ ಬೇಕು? ಅಲ್ಲಿಗೇ ಸಂಶಯ ಬಂತು. ಮತ್ತೆ ಈ ಮಸಿಬಟ್ಟೆ. ನಮ್ಮ ಕಡೆ ಯಾವ ಮನೆಯಲ್ಲಿ ಹೊಸ ಬಟ್ಟೆ ಮಸಿಬಟ್ಟೆ ಆಗ್ತದೆ? ಅಂಗಿ ಹರಿದು, ನೆಲ ಒರೆಸಿ, ಆಮೇಲೆ ಒಲೆಯ ಹತ್ರ. ನಿಮ್ಮ ವರ್ಕ್‌ಶಾಪಿನಲ್ಲೇ ಕೈ ಒರೆಸ್ಲಿಕ್ಕೆ ಹಳೇ ಲುಂಗಿ. ಇಲ್ಲಿ ಗಂಜಿ ಕೂಡ ಹೋಗದ ಹೊಸ ಕಾಟನ್!"

ಬಾಗಿಲಲ್ಲಿ ನಿಂತಿದ್ದ ಸರೋಜಿನಿಗೆ ಪಾಪ, ಏನೂ ಗೊತ್ತಿರಲಿಲ್ಲ. "ನೀವೇ ಹೇಳಿದ್ದಲ್ವಾ? ಪ್ರಿಂಟ್ ಹಾಳಾದದ್ದು, ಒಳಗೆ ಬಳಸು ಅಂತ?"

ಕಮಲಾಕ್ಷ ಕುರ್ಚಿಯಲ್ಲಿ ಕುಸಿದ. "ಸುಟ್ಟು ಬಿಡುವ ಅಂತಿದ್ದೆ. ಒಳ್ಳೇ ಬಟ್ಟೆ... ಮನಸ್ಸು ಬರಲಿಲ್ಲ."

"ಗುರುವಪ್ಪನನ್ನು ಸುಡ್ಲಿಕ್ಕೆ ಮನಸ್ಸು ಬಂತಲ್ಲ," ಎಂದು ನಾನೇ ಅಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ವ್ಯಾಲೆಂಟೈನ್ ಪೊಲೀಸರನ್ನು ಕರೆಯಲಿಲ್ಲ. ಕ್ಲೇಮು ವಾಪಸ್ಸು, ಗುರುವಪ್ಪನ ಕೈಗೆ ಪಾಸ್‌ಪೋರ್ಟ್, ಬೇರೆ ಕಡೆ ಕೆಲಸಕ್ಕೆ ಸೇರಲು ಬಿಡುಗಡೆ ಪತ್ರ—ಸಂಜೆಯೊಳಗೆ ಮೂರೂ ಆದವು. ಕಳ್ಳನೆಂದು ಕರೆದವನ ಕೈಕೆಳಗೆ ಅವನು ಮತ್ತೆ ದುಡಿಯುವುದು ಹೇಗೆ?

ಗುರುವಪ್ಪ ಪಾಸ್‌ಪೋರ್ಟನ್ನು ಅಂಗಿಯೊಳಗೆ ಇಟ್ಟುಕೊಂಡು ನಮ್ಮ ಬಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಮನಾಮ ಹತ್ತಿರ ಬಂದಾಗ ಮೆಲ್ಲಗೆ ಕೇಳಿದ:

"ಸರ್, ಆ ಶರ್ಟ್ ನನಗೊಂದು ಸಿಗ್ತದಾ?"

"ಅದು ಉಲ್ಟಾ ಮಾರಾಯ. ಎಂತ ಮಾಡ್ತಿ?" ನಾನು ಕೇಳಿದೆ.

"ಮಗನಿಗೆ ಕಳಿಸ್ತೇನೆ. ಬಣ್ಣ ಚಂದ ಬಂದಿತ್ತು ಸರ್, ಒಂದರಲ್ಲೂ ಹರಡ್ಲಿಲ್ಲ."

ವ್ಯಾಲೆಂಟೈನ್ ಕಾರನ್ನು ತಿರುಗಿಸಿ ಮತ್ತೆ ಗುಫೂಲಿಗೆ, ಕಮಲಾಕ್ಷನ ಫ್ಲಾಟಿನ ಕಡೆಗೆ ಬಿಟ್ಟ.